ಅಕ್ಕನ ಕೀಲುಗಳಿಗೆ ಬಂದ ಹೊಸ ಔಷಧಿ

ಅಂಕೋಲೆಯ ನಮ್ಮ ಮನೆಯಿಂದ ಕಾರವಾರದ ಹತ್ತಿರದ ಕದ್ವಾಡಕ್ಕೆ ಮದುವೆಯಾಗಿ ಹೋದ ಅಕ್ಕನಿಗೆ ಎರಡನೆಯ ಹೆರಿಗೆಯ ನಂತರ ಬೆರಳ ಗಂಟುಗಳು ಬಾತುಕೊಳ್ಳತೊಡಗಿದವು. ಬೆಳಿಗ್ಗೆ ಎದ್ದರೆ ಮುಷ್ಟಿ ಮಡಚಲಾಗದು. ಮಗುವಿನ ಅಂಗಿಯ ಗುಂಡಿ ಹಾಕಲೂ ಭಾವನನ್ನು ಕರೆಯಬೇಕು. ಆಯಿ, ನಮ್ಮ ಅಮ್ಮ, ಅದನ್ನು ವಾಯು ಎಂದು ಎಣ್ಣೆ ತಿಕ್ಕಿದಳು. ಕಾರವಾರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಬೇರೆಯೇ ಹೇಳಿದರು: ರೋಗಾಣುಗಳನ್ನು ಹೊಡೆಯಬೇಕಾದ ದೇಹದ ಶಕ್ತಿಯೇ ಅಕ್ಕನ ಕೀಲುಗಳ ಮೇಲೆ ತಿರುಗಿಬಿದ್ದಿದೆ.

"ತನ್ನ ಮೈಯೇ ತನಗೆ ವೈರಿ ಆಗೂದು ಅಂದ್ರೆ ಎಂತದು ಮಾರಾಯಾ?" ಎಂದು ಆಯಿ ನನ್ನನ್ನು ಕೇಳಿದಳು. ನಾನು ಹೈಸ್ಕೂಲಿನಲ್ಲಿ ಬಿಳಿ ರಕ್ತಕಣಗಳ ಪಾಠ ಮಾಡುತ್ತಿದ್ದವನು. ಅವಳಿಗೆ ಮಾತ್ರ, ಕಾವಲಿನವನೇ ಮನೆಯವರನ್ನು ಹೊಡೆದ ಹಾಗೆ ಎಂದೆ.

ವರ್ಷಗಟ್ಟಲೆ ಗುಳಿಗೆ ನಡೆಯಿತು. ಹೊಟ್ಟೆ ಉರಿಯಿತು, ಮುಖ ಊದಿತು, ನೋವು ಮಾತ್ರ ಹೋಗಲಿಲ್ಲ. ಎರಡು ಬೆರಳು ಸೊಟ್ಟಗಾದವು. ಎರಡು ಸಾವಿರದ ಆರೋ ಏಳೋ ಇಸವಿ ಇರಬೇಕು, ಯಾರೋ ಹೇಳಿದರೆಂದು ನಾನು, ಭಾವ, ಅಕ್ಕ ಗೋವಾದ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಕೊಂಕಣಿಯಲ್ಲೇ ಮಾತಾಡಿದರು. ಹೊಸ ಔಷಧಿಯೊಂದು ಬಂದಿದೆ, ಸಲಾಯಿನ್ ಹಾಗೆ ನರಕ್ಕೆ ಹನಿ ಹನಿಯಾಗಿ ಬಿಡುವುದು, ಕೆಲವರಿಗೆ ತುಂಬಾ ಚಲೋ ಆಗಿದೆ, ಕೆಲವರಿಗೆ ಏನೂ ಆಗಿಲ್ಲ, ಬೇರು ಸಮೇತ ಹೋಗುತ್ತದೆಂದು ಮಾತ್ರ ತಾನು ಹೇಳುವುದಿಲ್ಲ ಎಂದರು.

ಖರ್ಚು ಭಾವನ ನೌಕರಿಯ ಕಡೆಯಿಂದ ಸಿಗುವಂತಿತ್ತು. ಆತ ಅಂದೇ ಶುರು ಮಾಡಿ ಎಂದ. ಆದರೆ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಕಲೆ ಕಂಡಿತು. ಹೊಸ ಔಷಧಿ ದೇಹದ ಕಾವಲನ್ನೇ ತಗ್ಗಿಸುವುದರಿಂದ ಮಲಗಿದ್ದ ಕ್ಷಯ ಏಳಬಹುದು. ಮೊದಲು ಕೆಲವು ತಿಂಗಳು ಅದರ ಗುಳಿಗೆ ನುಂಗಬೇಕು. ಊರಿಗೆ ಮರಳುವ ಬಸ್ಸು ಗಡಿಯ ಮಾಜಾಳಿ ದಾಟಿತು. ಅಕ್ಕ ಹೇಳಿದಳು: "ಆ ಡಾಕ್ಟರು ನನ್ ಮನ್ಸಿಗೆ ಸೇರಿದ್ರು. ಹೆದ್ರ್ಸೂ ಮಾತನ್ನೂ ಮುಚ್ಚಿಡ್ಲಿಲ್ಲ ನೋಡಿ."

ಗುಳಿಗೆ ಮುಗಿದ ಮೇಲೆ ಔಷಧಿ ಕೊಟ್ಟರು. ಎರಡನೆಯ ಸಲ ಹಾಕಿಸಿಕೊಂಡು ಬಂದ ಕೆಲವು ದಿನಗಳಿಗೆ ಅಕ್ಕನ ಫೋನು ಬಂತು.

"ತಮಾ, ಇವತ್ತು ನಾನೇ ಒಂದು ಕಡಿ ಕಾಯಿ ತುರ್ದೆ."

"ನೋವು?"

"ಅದೆ. ಆದ್ರೆ ಕಮ್ಮಿ ಅದೆ. ಆಯಿಗೆ ಪೂರಾ ಗುಣ ಆಯ್ತು ಅಂತ ಹೇಳ್ಬೇಡ. ಹರಕೆ ತೀರ್ಸೂಕೆ ಹೊರಟುಬಿಡ್ತಾಳೆ."

ನಾನು ಆಯಿಗೆ ನೋವು ಕಮ್ಮಿಯಂತೆ ಎಂದಷ್ಟೇ ಹೇಳಿದೆ. ಖುಷಿಪಡಲೂ ಭಯ. ಆ ಭಯ ಸುಳ್ಳಾಗಲಿಲ್ಲ. ಮಳೆಗಾಲದಲ್ಲಿ ಅಕ್ಕನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು, ಔಷಧಿ ನಿಲ್ಲಿಸಿದರು, ಗಂಟುಗಳು ಮತ್ತೆ ಬಾತವು. ಜ್ವರ ಪೂರ್ತಿ ಇಳಿದ ಮೇಲೆ ಡಾಕ್ಟರು ಯೋಚಿಸಿ ಪುನಃ ಶುರು ಮಾಡಿದರು. ಬಾವು ಇಳಿಯಿತು. ಸೊಟ್ಟಗಾದ ಬೆರಳು ನೆಟ್ಟಗಾಗಲಿಲ್ಲ. ಉಳಿದವು ಹಾಗೆಯೇ ನೇರವಾಗಿ ಉಳಿದವು. ನಮಗೆ ಅದೇ ದೊಡ್ಡದಾಗಿ ಕಂಡಿತು.

ಮುಂದಿನ ದೀಪಾವಳಿಗೆ ಅಕ್ಕ ಚಿಕ್ಕ ಮಗಳನ್ನು ಕರೆದುಕೊಂಡು ಒಬ್ಬಳೇ ಅಂಕೋಲೆಗೆ ಬಂದಳು, ಕಾರವಾರದಿಂದ ಬಸ್ಸಿನಲ್ಲಿ ನಿಂತುಕೊಂಡೇ. ಆಯಿ ಬೈದಳು.

"ಮುಂದಿನ ಬಸ್ಸಿಗೆ ಕೂತ್ಕಂಡು ಬರೂಕೆ ಆಗ್ತಿರ್ಲಿಲ್ವಾ?"

"ಕಂಬಿ ಹಿಡ್ಕಳ್ಳೂಕೆ ಬಂತಲ್ಲ ಆಯಿ," ಎಂದಳು ಅಕ್ಕ, "ಅದ್ಕೇ ಹತ್ಬಿಟ್ಟೆ."