ಬಾಜೂ ಮನೆಯ ಹುಡುಗಿ

ನನ್ನ ಮಗಳಿಗೆ ಮೊನ್ನೆ ನಾಲ್ಕು ತುಂಬಿತು. ಅವಳ ಹುಟ್ಟುಹಬ್ಬದ ಫ್ರಾಕನ್ನು ಪ್ರತಿ ವರ್ಷ ನಾನೇ ಹೊಲಿಯುತ್ತೇನೆ. ಸೋಲಾಪುರದಲ್ಲಿ ಮನೆಯಲ್ಲೇ ಕುಳಿತು ಶಾಲೆಯ ಯೂನಿಫಾರ್ಮ್ ಹೊಲಿಯುವುದು ನನ್ನ ಕೆಲಸ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬರೆಯುವುದಕ್ಕಿಂತ ಟೇಪು ಹಿಡಿದು ಅಳತೆ ತೆಗೆಯುವುದೇ ಚೆನ್ನಾಗಿ ಬರುತ್ತದೆ. ಈ ಸಲ ಅವಳ ಭುಜ, ಎದೆ, ಉದ್ದ ಎಲ್ಲವೂ ಹೋದ ವರ್ಷದ ಅಳತೆಯನ್ನು ದಾಟಿದ್ದವು. ತಾಯಿಯಾದವಳು ಹಿಗ್ಗಬೇಕು. ನಾನು ಟೇಪನ್ನು ಸುತ್ತಿ ಡಬ್ಬಿಯಲ್ಲಿಟ್ಟೆ. ಇವಳು ಬೆಳೆದದ್ದನ್ನು ನಾನು ಎರಡು ವರ್ಷ ನನ್ನ ಸ್ವಂತ ತಂಗಿಯಿಂದ ಮುಚ್ಚಿಟ್ಟಿದ್ದೆ.

ನಮ್ಮ ತವರು ವಳಸಂಗ. ತಂಗಿಯನ್ನು ಕರಜಗಿಗೆ ಕೊಟ್ಟಿದ್ದಾರೆ, ಒಕ್ಕಲುತನದ ಮನೆ. ಇಬ್ಬರ ಬಾಣಂತನವೂ ತವರಿನ ಒಂದೇ ಕೋಣೆಯಲ್ಲಿ ಆಯಿತು. ನನಗೆ ಮಗಳು, ಅವಳಿಗೆ ಮಗ. ನಡುವೆ ಒಂದು ತಿಂಗಳ ಅಂತರವೂ ಇಲ್ಲ. ಕೂಸು ಹೇಗಿದೆ ಎಂದು ಯಾರಾದರೂ ಕೇಳಿದರೆ ಚೆನ್ನಾಗಿದೆ ಅನ್ನಬಾರದು ಎಂದು ಅವ್ವ ನಮಗೆ ಆಗಲೇ ಕಲಿಸಿದ್ದಳು. ಹಾಲು ಕುಡಿಯುತ್ತಿಲ್ಲ, ಸೊರಗಿದೆ ಅನ್ನಬೇಕು. ಉಂಡದ್ದು ನಕ್ಕದ್ದು ಎಲ್ಲ ಹೇಳಿಕೊಂಡರೆ ನದರು ತಗಲುತ್ತದೆ, ಕೂಸಿಗೆ ದೃಷ್ಟಿಯಾಗುತ್ತದೆ. ಸಂಜೆ ಅವ್ವ ಉಪ್ಪು, ಒಣಮೆಣಸಿನಕಾಯಿಯನ್ನು ಕೂಸುಗಳಿಗೆ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಎದ್ದು ಮನೆಯವರೆಲ್ಲ ಕೆಮ್ಮಿದರೆ ಚಿಂತೆಯಿಲ್ಲ. ಮೆಣಸಿನಕಾಯಿ ಘಾಟಿಲ್ಲದೆ ಸುಟ್ಟುಹೋದರೆ ಯಾರದೋ ಕಣ್ಣು ಬಿದ್ದಿದೆ ಎಂದು ಲೆಕ್ಕ.

ಮಕ್ಕಳ ಮೊದಲ ಹುಟ್ಟುಹಬ್ಬವನ್ನು ವಳಸಂಗದಲ್ಲಿ ಕೂಡಿಯೇ ಮಾಡಿದೆವು. ನನ್ನ ಮಗಳು ಅಂಗಳದ ತುಂಬ ತಪ್ಪುಹೆಜ್ಜೆ ಹಾಕಿ ಓಡಾಡುತ್ತಿದ್ದಳು. ತಂಗಿಯ ಮಗ ಚಾಪೆಯ ಮೇಲೆ ಕುಳಿತು ಬಟ್ಟಲಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದ. ತಂಗಿ ನನ್ನ ಮಗಳನ್ನು ಎತ್ತಿಕೊಂಡು ಮುದ್ದಿಟ್ಟಳು.

"ಅಕ್ಕಾ, ನಿನ್ನ ಮಗಳು ಓಡಾಕತ್ತಾಳ ನೋಡ. ನಮ್ಮಂವ ಇನ್ನಾ ಗೋಡಿ ಸೈತ ಹಿಡ್ಯಾಂಗಿಲ್ಲ."

ಅಷ್ಟೇ ಅವಳು ಅಂದದ್ದು. ಸಂಜೆ ಮಗಳಿಗೆ ಮೈ ಬಿಸಿಯಾಯಿತು. ಅವ್ವ ನಿವಾಳಿಸಿ ಒಲೆಗೆ ಹಾಕಿದ ಮೆಣಸಿನಕಾಯಿಗೆ ಘಾಟು ಬರಲಿಲ್ಲ. ಯಾರ ಕಣ್ಣು ಎಂದು ಅವ್ವ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ನನ್ನ ಮನಸ್ಸು ಒಬ್ಬಳನ್ನೇ ಹಿಡಿದುಕೊಂಡಿತು.

ಆಮೇಲೆ ಫೋನಿನಲ್ಲಿ ಸುಳ್ಳು ಶುರುವಾಯಿತು. ಅವಳ ಮಗ ಮಾತಾಡುತ್ತಿಲ್ಲ ಅಂದರೆ ನಾನು, ನಮ್ಮಾಕಿದೂ ಅಷ್ಟ ಬಿಡು, ಬರೇ ಕೈ ತೋರಸ್ತಾಳ ಅನ್ನುತ್ತಿದ್ದೆ. ಆಗ ನನ್ನ ಮಗಳು ಬೆಳಗಿನಿಂದ ಸಂಜೆಯವರೆಗೆ ಕನ್ನಡ ಮರಾಠಿ ಬೆರೆಸಿ ತಲೆ ತಿನ್ನುತ್ತಿದ್ದಳು. ವಿಡಿಯೋ ಕಾಲ್ ಬಂದರೆ ನೆಟ್‌ವರ್ಕ್ ಇಲ್ಲ ಎಂದು ಬಂದ್ ಮಾಡುತ್ತಿದ್ದೆ. ಮಲಗಿದಾಗಿನ ಫೋಟೋ ಮಾತ್ರ ಕಳಿಸುತ್ತಿದ್ದೆ, ಅದರಲ್ಲೂ ಹೊದಿಕೆ ಹೊದಿಸಿದವನ್ನೇ. ಪಂಚಮಿಗೆ ಅವಳು ವಳಸಂಗಕ್ಕೆ ಬರುತ್ತಾಳೆಂದು ಗೊತ್ತಾದರೆ ನನಗೆ ಹೊಲಿಗೆಯ ಆರ್ಡರು ಬಂದುಬಿಡುತ್ತಿತ್ತು. ತಂಗಿಗೆ ಏನೂ ಹೇಳಬೇಡವೆಂದು ಅವ್ವನಿಗೂ ಅಂದಿದ್ದೆ. ಕೂಸಿನ ಸುದ್ದಿ ಹೇಳಿಕೊಳ್ಳದಿರುವುದೇ ಒಳ್ಳೆಯದೆಂದು ಅವಳೂ ಸುಮ್ಮನಿದ್ದಳು.

ಒಮ್ಮೆ ಸ್ಪೀಕರ್ ಹಾಕಿ ಮಾತಾಡುತ್ತಿದ್ದಾಗ ಮಗಳು ಹಿಂದಿನಿಂದ ಜೋರಾಗಿ ಏನೋ ಅಂದಳು. ಯಾರದು, ಇಷ್ಟು ಚಂದ ಮಾತಾಡ್ತದಲ್ಲ ಎಂದು ತಂಗಿ ಕೇಳಿದಳು. ಬಾಜೂ ಮನಿ ಹುಡುಗಿ ಅಂದೆ. ಮಗಳಿಗೆ ಅದು ಆಟವೆನಿಸಿ ಬಿದ್ದುಬಿದ್ದು ನಕ್ಕಳು. ಅಂದಿನಿಂದ ಚಿಕ್ಕಮ್ಮನ, ಅವಳ ಬಾಯಲ್ಲಿ ಮಾವಶಿಯ, ಫೋನು ಬಂದರೆ ಸಾಕು, ನನ್ನ ಸೆರಗು ಜಗ್ಗಿ ಕಿವಿಯಲ್ಲಿ, ನಾ ಬಾಜೂ ಮನಿ ಹುಡುಗಿ ಅನ್ನುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಹೆತ್ತ ಮಗಳಿಗೆ ನಾನು ಕಲಿಸಿದ ಆಟ ಇದು.

ಅವಳಿಗೆ ಎರಡೂವರೆ ಆಗಿದ್ದಾಗಿನ ಒಂದು ಫೋನು ನನಗೆ ಇವತ್ತಿಗೂ ಕೇಳಿಸುತ್ತದೆ.

"ನಿನ್ನ ಮಗಳೂ ಮಾತಾಡಾಂಗಿಲ್ಲ ಅಂದ್ರ ನನಗ ಧೈರ್ಯ ಬರ್ತದ, ಅಕ್ಕಾ. ನಮ್ಮ ಮನಿಯವರು ದವಾಖಾನಿಗೆ ತೋರಸೂನು ಅಂತ ಗಂಟ ಬಿದ್ದಾರ. ಅಕ್ಕನ ಮಗಳದೂ ಹಂಗ ಅದ, ಸುಮ್ಮ ಇರ್ರಿ ಅಂದೀನಿ."

ಆಗಲಾದರೂ ಹೇಳಬೇಕಿತ್ತು. ಹೂಂ, ಬರ್ತಾವ ಬಿಡು ಮಾತು, ಅಂದು ಮಶೀನಿಗೆ ದಾರ ಪೋಣಿಸಿದೆ.

ಮೂರನೇ ಹುಟ್ಟುಹಬ್ಬಕ್ಕೆ ಅವಳು ಹೇಳದೆ ಕೇಳದೆ ಕರಜಗಿಯಿಂದ ಎಸ್‌ಟಿ ಬಸ್ಸು ಹಿಡಿದು ಬಂದಳು. ನಾನು ಒಳಗೆ ಶಿರಾಕ್ಕೆ ರವೆ ಹುರಿಯುತ್ತಿದ್ದೆ. ಬಾಗಿಲಲ್ಲಿ ಅವಳ ದನಿ ಕೇಳಿಸಿತು: ಯಾರ ಮಗಳವ್ವಾ ನೀ? ಫೋನಿನಲ್ಲಿ ಕೇಳಿ ಕೇಳಿ ಮಗಳಿಗೆ ಆ ದನಿಯ ಗುರುತಿತ್ತು.

"ಮಾವಶೀ, ನಾ ಬಾಜೂ ಮನಿ ಹುಡುಗಿ!"

ನಾನು ಹೊರಗೆ ಬರುವಷ್ಟರಲ್ಲಿ ತಂಗಿ ಮಗನನ್ನು ಬಗಲಲ್ಲಿ ಎತ್ತಿಕೊಂಡು ಹೊಸ್ತಿಲ ಮೇಲೆ ನಿಂತಿದ್ದಳು. ಮಗಳು ಅವಳಿಗೆ ತನ್ನ ಫ್ರಾಕಿನ ಬಣ್ಣ, ಬಾಲವಾಡಿಯ ಟೀಚರಬಾಯಿ, ನಾನು ಹೊಡೆದದ್ದು ಎಲ್ಲ ಹೇಳುತ್ತಿದ್ದಳು. ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಚೀಲದಿಂದ ತಾನು ತಂದ ಫ್ರಾಕು ತೆಗೆದು ತೊಡಿಸಿ ನೋಡಿದಳು. ಅದು ಭುಜದಲ್ಲೇ ಸಿಕ್ಕಿಬಿತ್ತು. ಸೊರಗಿದ್ದಾಳೆಂದು ನಾನು ಹೇಳುತ್ತಿದ್ದ ಕೂಸಿನ ಅಳತೆಗೆ ತಂದದ್ದು.

"ನನಗ ಯಾಕ ಹೇಳಲಿಲ್ಲಕ್ಕಾ?"

ನಿನಗ ಕೆಟ್ಟ ಅನಸ್ತದಂತ, ಅಂದೆ. ಅವಳು ನನ್ನ ಮುಖ ನೋಡಿ ತಲೆಯಾಡಿಸಿದಳು. ಅದೂ ಸುಳ್ಳೇ ಆಗಿತ್ತು. ಮರುಕದಿಂದ ಮುಚ್ಚಿಟ್ಟೆ ಎಂದು ಆಗ ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಅವಳ ಕಣ್ಣಿಗೆ ಹೆದರಿದ್ದೆ ಎಂಬುದನ್ನು ಯಾರಿಗೂ ಹೇಳಿಲ್ಲ.

ಮರುವಾರವೇ ಹುಡುಗನನ್ನು ಸೋಲಾಪುರದ ಕಿವಿಯ ದವಾಖಾನೆಗೆ ತೋರಿಸಿದೆವು. ಅವನಿಗೆ ಕಿವಿ ಬಹಳ ಕಡಿಮೆ ಕೇಳಿಸುತ್ತದೆ, ಹುಟ್ಟಿದಾಗಿನಿಂದಲೂ ಹಾಗೇ ಇರಬೇಕು ಎಂದರು. ಎರಡೂ ಕಿವಿಗೆ ಮಶೀನು ಹಾಕಬೇಕು, ಮಾತನ್ನು ಒಂದೊಂದಾಗಿ ಕಲಿಸಬೇಕು. ವರ್ಷದ ಹಿಂದೆಯೇ ತಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ಎಂದರು. ಇಷ್ಟು ತಡ ಯಾಕೆ ಮಾಡಿದಿರಿ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ನಮ್ಮ ಮನೆತನದಲ್ಲಿ ಮಕ್ಕಳು ತಡವಾಗಿಯೇ ಮಾತಾಡುತ್ತವೆ ಸಾಹೇಬ, ಎಂದು ತಂಗಿ ನನ್ನ ಕಡೆ ನೋಡದೆ ಉತ್ತರ ಕೊಟ್ಟಳು. ಅವಳು ನನ್ನ ಹೆಸರು ಹೇಳಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಕಿವಿಗೆ ಮಶೀನು ಹಾಕಿಸಿದೆವು, ಅಂದಿನಿಂದ ವಾರಕ್ಕೊಮ್ಮೆ ಮಾತು ಕಲಿಸಲು ತಂಗಿ ಅವನನ್ನು ಕರೆತರುತ್ತಾಳೆ. ನಾನು ಭಕ್ಕರಿ, ಪಲ್ಯ ಕಟ್ಟಿಕೊಂಡು ದವಾಖಾನೆಗೆ ಹೋಗುತ್ತೇನೆ. ಅವಳು ಉಣ್ಣುತ್ತಾಳೆ, ಮಾತಾಡುತ್ತಾಳೆ, ನಗುತ್ತಾಳೆ ಕೂಡ. ಮನಿಗೆ ಬಾ ಅಂದರೆ ಮಾತ್ರ ಬಸ್ಸು ತಪ್ಪುತ್ತದೆ ಎಂದು ನೇರವಾಗಿ ಸ್ಟ್ಯಾಂಡಿಗೆ ಹೋಗುತ್ತಾಳೆ. ಒಂದು ವರ್ಷ ನನ್ನ ಹೊಸ್ತಿಲು ತುಳಿಯಲಿಲ್ಲ.

ಮೊನ್ನೆ ಮಗನನ್ನು ಕರೆದುಕೊಂಡು ಬಂದಳು. ಮಗಳೇ ಫೋನಿನಲ್ಲಿ ಕರೆದಿದ್ದಳು, ಅದಕ್ಕಿರಬೇಕು. ಅವ್ವನೂ ವಳಸಂಗದಿಂದ ಬಂದಿದ್ದಳು. ಆರತಿಯಾಯಿತು. ನೆರೆಯ ಮಕ್ಕಳು ಕೇಕು ತಿಂದು ಹೋದರು. ಅವ್ವ ತನ್ನ ಪದ್ಧತಿ ಬಿಡದೆ ಅಡುಗೆಮನೆಯಿಂದ ಉಪ್ಪು, ಮೆಣಸಿನಕಾಯಿ ಹಿಡಿದು ಬಂದಳು. ಇವತ್ತು ಬ್ಯಾಡ ಬಿಡವ್ವ, ಅಂದೆ. ತಂಗಿ ಎದ್ದು ಅವ್ವನ ಮುಂದೆ ಕೈಯೊಡ್ಡಿದಳು.

"ತಾ ಇಲ್ಲಿ. ನಾ ತಗೀತೀನಿ."

ಮಗಳನ್ನು ಮೂಡಣಕ್ಕೆ ಮುಖ ಮಾಡಿಸಿ ನಿಲ್ಲಿಸಿದಳು. ಮುಷ್ಟಿಯನ್ನು ತಲೆಯಿಂದ ಪಾದದವರೆಗೆ ಇಳಿಸುತ್ತ, ಅವ್ವ ಅನ್ನುತ್ತಿದ್ದ ಹಾಗೆಯೇ ಸಣ್ಣ ದನಿಯಲ್ಲಿ ಶುರು ಮಾಡಿದಳು.

"ತಾಯಿ ಕಣ್ಣ, ತಂದಿ ಕಣ್ಣ, ಹಾದ್ಯಾಗಿನವರ ಕಣ್ಣ, ಬೀದ್ಯಾಗಿನವರ ಕಣ್ಣ..."

ಮುಷ್ಟಿಯನ್ನು ಮತ್ತೆ ತಲೆಯ ಮೇಲಕ್ಕೆ ಒಯ್ದಳು.

"ಮಾವಶಿ ಕಣ್ಣ."

ನಾನು ಅವಳಿಗೆ ಹೇಳಿರಲಿಲ್ಲ. ಅವ್ವನಿಗೂ ಹೇಳಿರಲಿಲ್ಲ. ಅವಳಿಗೆ ಯಾವಾಗ ತಿಳಿಯಿತೋ, ಬಹುಶಃ ಆ ಫ್ರಾಕು ಭುಜದಲ್ಲಿ ಸಿಕ್ಕಿಕೊಂಡ ದಿನವೇ. ನನ್ನ ಮಗಳು ಮಾವಶಿಯ ಕೈ ಹೋದಲ್ಲೆಲ್ಲ ಕಣ್ಣಾಡಿಸುತ್ತ ನಗುತ್ತಿದ್ದಳು. ನನಗೆ ತಲೆಯೆತ್ತಲು ಆಗಲಿಲ್ಲ.

ತಂಗಿ ಅಡುಗೆಮನೆಗೆ ಹೋಗಿ ಗ್ಯಾಸ್ ಹಚ್ಚಿ, ತವೆಯಿಟ್ಟು, ಅದು ಕಾಯುವ ತನಕ ನಿಂತಳು. ಮುಷ್ಟಿ ಬಿಚ್ಚಿದಳು. ಮೆಣಸಿನಕಾಯಿ ಕಪ್ಪಾಗುತ್ತಿದ್ದಂತೆ ಮನೆ ತುಂಬ ಘಾಟು ಎದ್ದಿತು. ಅವ್ವ ಕೆಮ್ಮಿದಳು, ಮಗಳು ಕೆಮ್ಮಿದಳು, ನಾನು ಕಣ್ಣೊರೆಸಿಕೊಂಡೆ.

"ಘಾಟ ಬಂತಲ್ಲಕ್ಕಾ," ಎಂದಳು ತಂಗಿ.

ಅಷ್ಟರಲ್ಲಿ ತವೆಯ ಮೇಲೆ ಉಪ್ಪು ಚಟಚಟ ಸಿಡಿಯಿತು. ಹೊರಗಿನ ಕೋಣೆಯಲ್ಲಿ ನಮಗೆ ಬೆನ್ನು ಮಾಡಿ ಆಡುತ್ತಿದ್ದ ಹುಡುಗ ಆಟ ನಿಲ್ಲಿಸಿ, ಆ ಸದ್ದು ಎಲ್ಲಿಂದ ಬಂತೆಂದು ಅಡುಗೆಮನೆಯ ಕಡೆ ತಿರುಗಿ ನೋಡಿದ. ತಂಗಿ ನನ್ನನ್ನು ಬಿಟ್ಟು ಅವನ ಕಡೆ ಹೋದಳು.