ನಿಜ್ವಾದಲ್ಲಿ ಕುದಿದ ಅಮೆರಿಕದ ಕಾರು

ನಾನು ಚಿಕ್ಕವಳಿದ್ದಾಗ, ಒಂಬತ್ತು ತುಂಬಿದ ವರ್ಷ, ಅಮ್ಮ, ಅಕ್ಕ ಮತ್ತು ನಾನು ಮಂಗಳೂರು ಕಡೆಯಿಂದ ಮಸ್ಕತ್ತಿಗೆ ಬಂದೆವು. ವಿಮಾನ ನಿಲ್ದಾಣದ ಹೊರಗೆ ಗಾಳಿ ಒಲೆಯ ಬಾಯಿಯಂತೆ ಸುಡುತ್ತಿತ್ತು. ಆ ಬಿಸಿಯಲ್ಲಿ ಅಪ್ಪ ಒಂದು ಹಸಿರು ಕಾರಿಗೆ ಒರಗಿ ನಗುತ್ತಾ ನಿಂತಿದ್ದರು. ಕಾರೆಂದರೆ ಎಂತಹ ಕಾರು! ನಮ್ಮೂರಿನ ಮೀನಿನ ದೋಣಿಯಷ್ಟು ಉದ್ದವಿತ್ತು.

"ಇದು ಯಾರ ಮದುವೆ ಕಾರು?" ಅಮ್ಮ ಕೇಳಿದಳು.

"ನಮ್ಮದೇ. ಅಮೆರಿಕದ್ದು," ಎಂದರು ಅಪ್ಪ.

"ನಮ್ಮದಾ? ನಿಮಗೆ ತಲೆ ಸಮ ಉಂಟಾ? ಸೈಕಲ್ಲಿನ ಚೈನ್ ಬಿದ್ದರೆ ಹಾಕ್ಲಿಕ್ಕೆ ಬಾರದವರು ನೀವು!"

ಅಪ್ಪ ಮಸ್ಕತ್ತಿನ ಹಮ್ರಿಯಾದಲ್ಲಿ ಬಣ್ಣ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಂಗಡಿಯ ಯಜಮಾನರು, ಅಂದರೆ ಅಪ್ಪನ ಕಫೀಲ್, ಆ ಕಾರನ್ನು ಹತ್ತು ವರ್ಷ ಓಡಿಸಿ, ಸಾಕಾಗಿ, ಅಪ್ಪನಿಗೆ ಮಾರಿದ್ದರು. ಹಿಂದಿನ ಬಾಗಿಲಿಗೆ ತುಕ್ಕು ಹಿಡಿದಿತ್ತಂತೆ. ಅಪ್ಪ ಅದನ್ನು ಉಜ್ಜಿ, ಮನೆಯ ಕಿಟಕಿಗೆ ಬಳಿಯುವ ಬಣ್ಣ ಬಳಿದಿದ್ದರು. ಹಾಗಾಗಿ ಕಾರು ಒಂದು ಹಸಿರು, ಆ ಬಾಗಿಲು ಇನ್ನೊಂದು ಹಸಿರು.

ಒಳಗೆ ಮಾತ್ರ ಚಂದವಿತ್ತು, ಸುಳ್ಳು ಹೇಳುವುದಿಲ್ಲ. ಕೆಂಪು ಮಖಮಲ್ಲಿನ ಸೀಟುಗಳು. ಊದಿನ ವಾಸನೆ, ಬಿಸಿ ರಬ್ಬರಿನ ವಾಸನೆ. ಗುಂಡಿ ಒತ್ತಿದರೆ ಕಿಟಕಿಯ ಗಾಜು 'ಝುಂ' ಎಂದು ತಾನೇ ಇಳಿಯುತ್ತಿತ್ತು. ಮೊದಲ ಸಲ ಅದು ಇಳಿದಾಗ ಅಕ್ಕ ಗಾಜು ಒಡೆದುಹಾಕಿದೆನೆಂದು ಹೆದರಿ ಕೈ ಹಿಂದಕ್ಕೆ ಬಚ್ಚಿಟ್ಟುಕೊಂಡಳು.

ಆದರೆ ಆ ಕಾರು ಎಮ್ಮೆಯಂತೆ ನೀರು ಕುಡಿಯುತ್ತಿತ್ತು. ಡಿಕ್ಕಿಯಲ್ಲಿ ಯಾವಾಗಲೂ ನಾಲ್ಕು ಕ್ಯಾನು ನೀರು ಇರಲೇಬೇಕಿತ್ತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ಕೇಳಿದರೆ ಅಪ್ಪ, "ಕೆಟ್ಟದ್ದು ಮುಳ್ಳು, ಗಾಡಿ ಅಲ್ಲ," ಎನ್ನುತ್ತಿದ್ದರು.

ಬಂದ ಎಂಟನೇ ದಿನ ಶುಕ್ರವಾರ. ಅಪ್ಪನಿಗೆ ರಜೆ. ನಿಜ್ವಾದ ಖರ್ಜೂರದ ತೋಟ ತೋರಿಸುತ್ತೇನೆಂದು ಹೊರಡಿಸಿದರು. ದಾರಿಯುದ್ದಕ್ಕೂ ಬೋಳು ಬೆಟ್ಟಗಳು, ಒಂದು ಹುಲ್ಲುಕಡ್ಡಿಯೂ ಇಲ್ಲ. ನನಗೆ ಅದನ್ನು ನೋಡಿಯೇ ಗಂಟಲು ಒಣಗಿತು. ನಿಜ್ವಾ ಊರಿನ ಅಂಚಿಗೆ ಬಂದಾಗ ಕಾರಿನ ಮೂತಿಯಿಂದ ಬಿಳಿ ಹಬೆ ಎದ್ದಿತು. ಮುಂದಿನ ರಸ್ತೆಯೇ ಕಾಣದಾಯಿತು. ಪುಣ್ಯಕ್ಕೆ ಪಕ್ಕದಲ್ಲೇ ಗಾಡಿ ರಿಪೇರಿ ಮಾಡುವ ಒಂದು ಶೆಡ್ಡಿತ್ತು. ಅಪ್ಪ ಅಲ್ಲೇ ನಿಲ್ಲಿಸಿದರು.

ಶೆಡ್ಡಿನಿಂದ ಗಡ್ಡದ ಒಬ್ಬ ಒಮಾನಿ ಮುದುಕ ಓಡಿ ಬಂದ. ಎರಡೂ ಕೈ ಬೀಸಿ, "ಸಬರ್, ಸಬರ್," ಎಂದು ಕೂಗಿದ. ತಡಿ ಎನ್ನುತ್ತಿದ್ದಾನೆ ಎಂದು ಕೈ ನೋಡಿದರೆ ನನಗೂ ತಿಳಿಯುತ್ತಿತ್ತು. ಅಪ್ಪನಿಗೆ ತಿಳಿಯಲಿಲ್ಲವೇ? ತಿಳಿಯಿತು. ಆದರೆ ಹೆಂಡತಿ ನೋಡುತ್ತಿದ್ದಳಲ್ಲ. ಬಾನೆಟ್ ಎತ್ತಿ, ಬಟ್ಟೆ ಹಿಡಿದು, ನೀರಿನ ಮುಚ್ಚಳ ತಿರುಗಿಸಿಯೇಬಿಟ್ಟರು.

ಕುದಿಯುವ ನೀರು ಬುಸ್ಸೆಂದು ಆಳೆತ್ತರ ಚಿಮ್ಮಿತು. ಅಪ್ಪ ಕಿರುಚಿದರು. ದೊಡ್ಡವರು ಹಾಗೆ ಕಿರುಚುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬಲಗೈ ಮೊಣಕೈಯವರೆಗೂ ಕೆಂಪಾಗಿತ್ತು, ಅಂಗಿ ಎದೆಗೆ ಅಂಟಿಕೊಂಡಿತ್ತು.

ಮುದುಕ ಅಪ್ಪನ ಕೈಗೆ ತಣ್ಣೀರು ಸುರಿದ. ತನ್ನ ಪಿಕಪ್ಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ಮುಂದೆ ಇಬ್ಬರಿಗೆ ಮಾತ್ರ ಜಾಗ. ನಾವು ಮೂವರು ಶೆಡ್ಡಿನ ನೆರಳಿನಲ್ಲಿ ಕುಳಿತೆವು. ಕಾರು ಇನ್ನೂ ಗೊರಗೊರ ಎನ್ನುತ್ತಿತ್ತು. ಅಮ್ಮ ಅದರ ಕಡೆಗೆ ಬೆನ್ನು ತಿರುಗಿಸಿದಳು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನಾನು ರಸ್ತೆಯನ್ನೇ ನೋಡುತ್ತಿದ್ದೆ.

ಪಿಕಪ್ ಬಂತು. ಮುದುಕ ಒಬ್ಬನೇ ಇಳಿದ.

ಅಮ್ಮ ಎದ್ದು ನಿಂತಳು. ಅಪ್ಪನಿಗೆ ಇಲ್ಲಿ ಬಾಬಾ ಎನ್ನುತ್ತಾರೆಂದು ಕಲಿತಿದ್ದ ಅಕ್ಕ ಧೈರ್ಯ ಮಾಡಿ, "ಬಾಬಾ? ಅಪ್ಪ ಎಲ್ಲಿ?" ಎಂದಳು.

ಮುದುಕ ಎರಡೂ ಅಂಗೈ ಒಂದಕ್ಕೊಂದು ತಟ್ಟಿ ಕೊಡವಿದ. "ಬಾಬಾ? ಖಲಾಸ್! ಖಲಾಸ್!" ಎಂದ. ಆಮೇಲೆ ನಕ್ಕ.

ಊರಲ್ಲಿ ಮುಂಗುಸಿ ಕೋಳಿ ಹಿಡಿದರೆ ನಾವು "ಕೋಳಿ ಖಲಾಸ್" ಎನ್ನುತ್ತಿದ್ದೆವು. ನಮಗೆ ಗೊತ್ತಿದ್ದ ಖಲಾಸ್ ಅದೊಂದೇ.

ಅಕ್ಕ ಕುಸಿದು ಕುಳಿತಳು. ಅಮ್ಮ ಕತ್ತಿನ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂಗಿದ ಕೂಗಿಗೆ ಎದುರಿನ ಅಂಗಡಿಯವರೆಲ್ಲ ಹೊರಗೆ ಬಂದರು. "ನೀನು ಮನುಷ್ಯನಾ? ನನ್ನ ಗಂಡ ಹೋದ್ರು ಅಂತ ಹೇಳಿ ನಗ್ತೀಯಾ? ನಗ್ತೀಯಾ?" ಎಂದು ಮುದುಕನ ಮೇಲೇ ನುಗ್ಗಿದಳು. ಅವನು ಪಾಪ, ಬೆಪ್ಪಾಗಿ ಹಿಂದೆ ಹಿಂದೆ ಸರಿದ. ಒಂದು ತಟ್ಟೆ ಖರ್ಜೂರ ತಂದು ಅವಳ ಮುಂದೆ ಹಿಡಿದ. ಅದಕ್ಕೆ ಅವಳು ಇನ್ನೂ ಜೋರಾಗಿ ಕೂಗಿದಳು. ಇನ್ನು ಊರಿಗೆ ಹೇಗೆ ಹೋಗುವುದು, ಈ ಕಾರನ್ನು ಯಾರು ಓಡಿಸುವುದು, ನನಗೆ ಅದೇ ಯೋಚನೆ.

ಅಷ್ಟರಲ್ಲಿ ಮೂಲೆಯ ಅಂಗಡಿಯ ಕಡೆಯಿಂದ ಅಪ್ಪ ನಡೆದು ಬಂದರು. ಬಲಗೈ ತುಂಬ ಬಿಳಿ ಬ್ಯಾಂಡೇಜು. ಎಡಗೈಯಲ್ಲಿ ಕಿತ್ತಳೆ ಬಣ್ಣದ ಶರಬತ್ತಿನ ಬಾಟಲಿಗಳನ್ನು ಹಿಡಿದುಕೊಂಡಿದ್ದರು. ನಮಗೆ ಬಾಯಾರಿರುತ್ತದೆ ಎಂದು ಅಲ್ಲೇ ಇಳಿದು ತಂದಿದ್ದರಂತೆ.

"ಯಾರು ತೀರಿಕೊಂಡದ್ದು ಮಾರಾಯ್ತಿ?" ಎಂದು ಕೇಳಿದರು.

"ನೀವು!" ಎಂದಳು ಅಮ್ಮ. "ಖಲಾಸ್ ಅಂತ ಹೇಳಿದ ಇವ!"

ಅಪ್ಪ ಅಲ್ಲೇ ನಿಂತು ನಕ್ಕರು. ನಕ್ಕರೆ ಎದೆ ಉರಿಯುತ್ತಿತ್ತು, ಆದರೂ ನಕ್ಕರು. "ಇಲ್ಲಿ ಊಟ ಮುಗಿದರೂ ಖಲಾಸ್, ಕೆಲಸ ಮುಗಿದರೂ ಖಲಾಸ್. ಬ್ಯಾಂಡೇಜ್ ಹಾಕಿ ಆಯ್ತು ಅಂತ ಹೇಳಿದ್ದು ಅವರು."

ಅಮ್ಮ ನಗಲಿಲ್ಲ. ಮುದುಕನಿಗೆ ಕೈ ಮುಗಿದಳು, ಖರ್ಜೂರ ಒಂದು ತೆಗೆದು ಬಾಯಿಗೆ ಹಾಕಿಕೊಂಡಳು. ಆಮೇಲೆ ಅಪ್ಪನಿಗೆ ಬೈಯಲು ಶುರುಮಾಡಿದವಳು ಮುದುಕ ಹೊಸ ಪೈಪು ಹಾಕಿ ಮುಗಿಸುವವರೆಗೂ ಬೈದಳು. ಮುದುಕನೇ ನಮ್ಮನ್ನು ಆ ಕಾರಿನಲ್ಲಿ ಮನೆ ಮುಟ್ಟಿಸಿದ.

ಅಮ್ಮ ಕಾರು ಮಾರಿಸುತ್ತಾಳೆ ಎಂದು ನಾನು ತಿಳಿದಿದ್ದೆ. ಮಾರಿಸಲಿಲ್ಲ. ಅಪ್ಪನಿಗೆ ಬಾನೆಟ್ ಮುಟ್ಟಲು ಬಿಡಲಿಲ್ಲ, ಅಷ್ಟೇ. ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಅವಳೇ ಸೀರೆ ಸೆರಗು ಸಿಕ್ಕಿಸಿ ನೀರು ತುಂಬುತ್ತಿದ್ದಳು, ಎಣ್ಣೆಯ ಕಡ್ಡಿ ಎಳೆದು ನೋಡುತ್ತಿದ್ದಳು. ಓದು ಬಾರದವಳು. ದಾರಿಯಲ್ಲಿ ನಿಲ್ಲಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ನಮಗೆ ಜ್ವರ ನೋಡುವ ಹಾಗೆ ನೋಡಿ, "ಅರ್ಧ ಗಂಟೆ ಕೂತ್ಕೊಳ್ಳುವ," ಎನ್ನುತ್ತಿದ್ದಳು. ನಾವು ಕೂರುತ್ತಿದ್ದೆವು. ಆ ಕಾರು ಇನ್ನೂ ಆರು ವರ್ಷ ಓಡಿತು.

ಮಕ್ಕಳೇ, ಆಗಿನ ಕಾಲವೇ ಒಳ್ಳೆಯದಿತ್ತು ಎಂದು ನಾನು ಹೇಳುವುದಿಲ್ಲ. ಅಪ್ಪನ ಕೈ ಮೇಲಿನ ಕಲೆ ಕೊನೆಯವರೆಗೂ ಹೋಗಲಿಲ್ಲ, ಅದರಲ್ಲಿ ಒಳ್ಳೆಯದೇನಿದೆ? ಹೋದ ತಿಂಗಳು ಇಬ್ರಿ ಊರಿಗೆ ಹೋಗುವಾಗ ನಿಮ್ಮ ಕಾರಿನಲ್ಲಿ ಕೆಂಪು ದೀಪ ಹತ್ತಿತು. ಎಂಜಿನ್ ಬಿಸಿಯಾಗಿದೆ, ನಿಲ್ಲಿಸಿ ಎಂದು ಕಾರೇ ಹೇಳಿತು. ನಿಮ್ಮ ಅಪ್ಪ ನಿಲ್ಲಿಸಿ ಫೋನ್ ಮಾಡಿದ. ಗಾಡಿ ಎತ್ತುವ ಲಾರಿ ಬರಲು ಒಂದು ಗಂಟೆ ಹಿಡಿಯಿತು. ನೀವಿಬ್ಬರೂ "ಸೋ ಬೋರಿಂಗ್, ಅಜ್ಜಿ" ಎಂದು ಹತ್ತು ಸಲ ಗೊಣಗಿದಿರಿ. ನನಗೆ ಬೇಸರವಾಗಲಿಲ್ಲ. ನಿಮ್ಮ ಅಪ್ಪನ ಎರಡೂ ಕೈಗಳು ಸ್ಟೇರಿಂಗಿನ ಮೇಲೆಯೇ ಇವೆಯೇ ಎಂದು ಆ ಒಂದು ಗಂಟೆಯೂ ನೋಡುತ್ತಾ ಕುಳಿತಿದ್ದೆ.