ಪದ್ಮಾ ಅಳಿಸಿಹಾಕಿದ ಬರಹ

ಇದು ೨೦೦೮ರ ಮಾತು. ಆಗ ನಾನು ಮುಳಬಾಗಿಲಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಆ ವರ್ಷ ಕಾಲೇಜಿಗೆ ಹೊಸದಾಗಿ ಆರು ಕಂಪ್ಯೂಟರ್ ಬಂದಿದ್ದವು. ಇಂಟರ್‌ನೆಟ್ಟೂ ಇತ್ತು. ಆದರೆ ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು.

ನನ್ನ ಜೊತೆ ಓದಿದ ಗೀತಾ ಶ್ರೀನಿವಾಸಪುರದಲ್ಲಿ ಪಾಠ ಮಾಡುತ್ತಿದ್ದಳು. ಒಂದು ದಿನ ಫೋನ್ ಮಾಡಿ, "ಮಕ್ಕಳ ಕೈಲಿ ಬ್ಲಾಗ್ ಬರೆಸೋಣ ಕಣೇ. ನಿನ್ನ ಮಕ್ಕಳು ಬರೆದಿದ್ದನ್ನ ನನ್ನ ಮಕ್ಕಳು ಓದ್ಲಿ, ನನ್ನವರು ಬರೆದಿದ್ದನ್ನ ನಿನ್ನವರು ಓದ್ಲಿ. ಮಾಲೂರಿನಲ್ಲೂ ಒಬ್ಬರು ಮೇಷ್ಟ್ರು ಒಪ್ಪಿದ್ದಾರೆ" ಎಂದಳು. ನಾನೂ ಹೂಂ ಎಂದೆ.

ಮೂರು ಕಾಲೇಜಿನಿಂದ ಐವತ್ತರ ಹತ್ತಿರ ಮಕ್ಕಳು. ಅಷ್ಟೂ ಬ್ಲಾಗುಗಳನ್ನು ಒಂದೊಂದಾಗಿ ತೆರೆದು ನೋಡುವುದು ಆಗದ ಮಾತು. ಅದಕ್ಕೆ ಫೀಡ್ ರೀಡರ್ ಎಂಬುದೊಂದಿದೆ ಎಂದು ಗೀತಾ ತೋರಿಸಿಕೊಟ್ಟಳು. ಯಾರು ಹೊಸದಾಗಿ ಏನು ಬರೆದರೂ ಅದು ತಾನಾಗಿ ನಮ್ಮ ಒಂದೇ ಪುಟಕ್ಕೆ ಬಂದು ಸೇರುತ್ತಿತ್ತು. ಓದದೆ ಉಳಿದ ಬರಹಗಳ ಶೀರ್ಷಿಕೆ ದಪ್ಪ ಅಕ್ಷರದಲ್ಲಿ ಕಾಣುತ್ತಿತ್ತು. ಮಂಗಳವಾರ ಮತ್ತು ಶುಕ್ರವಾರ ಲ್ಯಾಬ್ ತೆರೆದರೆ ಮಕ್ಕಳು ಮೊದಲು ಅದನ್ನೇ ನೋಡುತ್ತಿದ್ದರು. "ಸುತ್ತಲಿನ ಒಂದು ಜೀವಿಯನ್ನು ಗಮನಿಸಿ ಬರೆಯಿರಿ, ಕನ್ನಡವಾದರೂ ಸರಿ, ಇಂಗ್ಲಿಷಾದರೂ ಸರಿ" ಎಂಬುದಷ್ಟೇ ನಾವು ಹಾಕಿದ ನಿಯಮ.

ನನ್ನ ತರಗತಿಯಲ್ಲಿ ಪದ್ಮಾ ಎಂಬ ಹುಡುಗಿ ಇದ್ದಳು. ದೇವರಾಯಸಮುದ್ರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಯಲ್ಲಿ ತೆಲುಗು, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ನಮ್ಮಲ್ಲಿಗೆ ಬಂದ ಮೇಲೆ ಎಲ್ಲವೂ ಇಂಗ್ಲಿಷ್. ಪ್ರಶ್ನೆ ಕೇಳಿದರೆ ಎದ್ದು ನಿಂತು ಮೇಜನ್ನು ನೋಡುತ್ತಿದ್ದಳು. ಅವಳ ಉತ್ತರಪತ್ರಿಕೆಯಲ್ಲಿ ಅರ್ಧ ವಾಕ್ಯಗಳು, ಹೊಡೆದುಹಾಕಿದ ಸಾಲುಗಳೇ ಹೆಚ್ಚು. ಓದಿನಲ್ಲಿ ಹಿಂದೆ ಎಂದು ನಾನು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದೆ.

ಒಂದು ಶುಕ್ರವಾರ ಅವಳ ಹೆಸರಿನಲ್ಲಿ ಬಂದ ಬರಹವೊಂದನ್ನು ಓದಿದೆ. ಅವರ ಮನೆಯಲ್ಲಿ ಸಾಕುವ ರೇಷ್ಮೆಹುಳುಗಳ ಬಗ್ಗೆ ಕನ್ನಡದಲ್ಲಿ ಬರೆದಿದ್ದಳು. ಹುಳು ಪೊರೆ ಕಳಚುವ ಮೊದಲು ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. "ನಿನ್ನೆಯವರೆಗೆ ಮಳೆ ಬಂದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿನ್ನುತ್ತಿದ್ದ ಮನೆ ಇವತ್ತು ಸುಮ್ಮನಾಗಿದೆ. ಸಾವಿರ ತಲೆಗಳು ಮೇಲೆ ನೋಡುತ್ತಿವೆ. ನಮಗೂ ಜೋರಾಗಿ ಮಾತಾಡಲು ಮನಸ್ಸು ಬರುವುದಿಲ್ಲ" ಎಂದು ಬರೆದಿದ್ದಳು. ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ನನಗೆ ಏನನ್ನಿಸಿತು ಎಂದು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಇದು ಇವಳದ್ದಲ್ಲ ಅನ್ನಿಸಿತು. ಎರಡು ಸಲ ಯೋಚಿಸದೆ ಅದರ ಕೆಳಗೆ ಟಿಪ್ಪಣಿ ಹಾಕಿದೆ: "ಪದ್ಮಾ, ಇದನ್ನು ಯಾವ ಪುಸ್ತಕದಿಂದ ತೆಗೆದೆ? ಬೇರೆಯವರ ಬರಹವನ್ನು ನಮ್ಮದು ಎನ್ನಬಾರದು." ನನ್ನ ಹೆಸರು ಹಾಕಿ, ಮೂರೂ ಊರಿನ ಮಕ್ಕಳು ಓದುವ ಜಾಗದಲ್ಲಿ ಬರೆದೆ.

ಮುಂದಿನ ಮಂಗಳವಾರ ಪದ್ಮಾ ಲ್ಯಾಬಿಗೆ ಬಂದು ಹತ್ತು ನಿಮಿಷ ಕಂಪ್ಯೂಟರ್ ಮುಂದೆ ಕೂತು, ಎದ್ದು ಹೋದಳು. ಬುಧವಾರ ಕಾಲೇಜಿಗೆ ಬರಲಿಲ್ಲ. ಗುರುವಾರವೂ ಇಲ್ಲ. ಹುಷಾರಿಲ್ಲವೇನೋ ಅಂದುಕೊಂಡೆ. ಒಂದು ವಾರ ಕಳೆದ ಮೇಲೆ ಅವಳ ಬ್ಲಾಗು ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಬರೆದಿದ್ದೆಲ್ಲವನ್ನೂ ಅಳಿಸಿಹಾಕಿದ್ದಳು.

ಅದೇ ದಿನ ರೀಡರಿನಲ್ಲಿ ಶ್ರೀನಿವಾಸಪುರದ ನಸೀಮಾ ಎಂಬ ಹುಡುಗಿಯ ಹೊಸ ಬರಹ ದಪ್ಪ ಅಕ್ಷರದಲ್ಲಿ ಬಂದಿತ್ತು. ಮಾವಿನ ತೋಟದವರ ಮನೆಯ ಮಗಳು, ನಾನು ಮುಖ ನೋಡಿದವಳಲ್ಲ. ಅವಳು ಬರೆದಿದ್ದು ಇಷ್ಟು:

"ಮುಳಬಾಗಿಲಿನ ಮೇಡಂ ಅವರಿಗೆ ನಮಸ್ಕಾರ. ಪದ್ಮಾ ಪುಸ್ತಕ ನೋಡಿ ಬರೆದಿಲ್ಲ. ಜ್ವರ ಅಂತೀರಲ್ಲ, ಹುಳು ಮುಟ್ಟಿದರೆ ನಿಜವಾಗಿ ಬಿಸಿ ಇರುತ್ತಾ ಅಂತ ನಾನು ಅವಳ ಹಿಂದಿನ ಒಂದು ಬರಹದ ಕೆಳಗೆ ಮೊದಲೇ ಕೇಳಿದ್ದೆ. ಅವಳು ಮುಂದಿನ ಲ್ಯಾಬಿನ ದಿನ ಉತ್ತರ ಹಾಕಿದಳು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. 'ಜ್ವರದ ಹುಳು ಮುಟ್ಟಬಾರದು ಅಂತ ಅಜ್ಜಿ ಬೈತಾರೆ. ಆದ್ರೂ ನಿನಗೋಸ್ಕರ ಒಂದೇ ಒಂದನ್ನ ಮುಟ್ಟಿದೆ. ತಣ್ಣಗಿದೆ. ನಮ್ಮಜ್ಜಿ ಕಿವಿ ತುದಿ ಥರ ಮೆತ್ತಗಿದೆ.' ಇದು ಯಾವ ಪುಸ್ತಕದಲ್ಲಿದೆ ಮೇಡಂ?"

ಕೆಳಗೆ ಮಾಲೂರಿನ ಮಕ್ಕಳು ಸಾಲಾಗಿ ಬರೆದಿದ್ದರು. "ನಮಗೂ ಅವಳು ಉತ್ತರ ಕೊಟ್ಟಿದ್ದಾಳೆ." "ಪದ್ಮಾ, ಯಾಕೆ ಅಳಿಸಿದೆ?" ಒಂದು ತಿಂಗಳಿಂದ ಅವರೆಲ್ಲ ಅವಳನ್ನು ಪ್ರಶ್ನೆ ಕೇಳುತ್ತಿದ್ದರು, ಅವಳು ಹುಳುಮನೆಗೆ ಹೋಗಿ ನೋಡಿ ಬಂದು ಉತ್ತರ ಹೇಳುತ್ತಿದ್ದಳು. ಅವಳ ಹಿಂದಿನ ಬರಹಗಳ ಕೆಳಗೆ ನಡೆದ ಆ ಮಾತುಕತೆಯನ್ನು ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ.

ತಕ್ಷಣ ರೀಡರಿನಲ್ಲಿ ಪದ್ಮಾಳ ಹೆಸರು ಹುಡುಕಿದೆ. ಪದ್ಮಾ ತನ್ನ ಬ್ಲಾಗಿನಿಂದ ಅಳಿಸಿದ್ದರೂ, ಮೊದಲೇ ಬಂದು ಸೇರಿದ್ದ ಬರಹಗಳು ನನ್ನ ರೀಡರಿನಲ್ಲಿ ಹಾಗೇ ಉಳಿದಿದ್ದವು. ಒಟ್ಟು ಏಳು. ಕೂತು ಏಳನ್ನೂ ಓದಿದೆ. ಪ್ರಿಂಟ್ ತೆಗೆದುಕೊಂಡು ಶನಿವಾರ ಮಧ್ಯಾಹ್ನ ದೇವರಾಯಸಮುದ್ರದ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಅಜ್ಜಿ ಸೊಪ್ಪು ಬಿಡಿಸುತ್ತಿದ್ದರು. ಪದ್ಮಾಳ ತಾಯಿ ಹೊರಗೆ ಬಂದು, "ರಾಂಡಿ ಮೇಡಂ, ಕೂಚೋಂಡಿ" ಎಂದು ಚಾಪೆ ಹಾಸಿದರು. ಆಮೇಲೆ ದನಿ ತಗ್ಗಿಸಿ, "ಓದೋದೇ ಬೇಡ ಅಂತ ಕೂತವಳೆ ಮೇಡಂ. ಏನಾಯ್ತು ಅಂತ ಕೇಳಿದ್ರೆ ಬಾಯೇ ಬಿಡಲ್ಲ. ನಮ್ಮ ಹುಡುಗಿ ಏನಾದ್ರೂ ತಪ್ಪು ಮಾಡಿದ್ಳಾ?" ಎಂದು ಕೇಳಿದರು.

"ಇಲ್ಲಮ್ಮ. ತಪ್ಪು ಮಾಡಿದ್ದು ನಾನು" ಎಂದೆ.

ಆಕೆಗೆ ಅರ್ಥವಾಗಲಿಲ್ಲ. ಅಜ್ಜಿ ಸೊಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು. ಅಷ್ಟರಲ್ಲಿ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಪದ್ಮಾ ಬಂದಳು. ನನ್ನನ್ನು ಕಂಡು ಹೊರೆ ಇಳಿಸುವುದನ್ನೂ ಮರೆತು ನಿಂತುಬಿಟ್ಟಳು.

ನಾನು ಎದ್ದು ಹೋಗಿ ಹೊರೆಗೆ ಕೈ ಕೊಟ್ಟು ಇಳಿಸಿದೆ. "ಪದ್ಮಾ, ನೀನು ಬರೆದಿದ್ದನ್ನೆಲ್ಲ ಓದಿದೆ. ನಿನ್ನ ಮೇಲೆ ಸುಮ್ಮನೆ ಅನುಮಾನ ಪಟ್ಟೆ. ನನ್ನದು ತಪ್ಪಾಯ್ತು ಕಣಮ್ಮ" ಎಂದೆ.

ಅವಳು ಸೆರಗಿಗೆ ಸಿಕ್ಕಿಕೊಂಡ ಎಲೆಯ ಚೂರುಗಳನ್ನು ಬಿಡಿಸತೊಡಗಿದಳು. ಹಾಗೇ ಮೆಲ್ಲಗೆ ಹೇಳಿದಳು. "ನೀವು ಕೇಳಿದ್ದಕ್ಕೆ ಬೇಜಾರಿಲ್ಲ ಮೇಡಂ. ನನ್ನೊಬ್ಬಳನ್ನೇ ಕರೆದು ಕೇಳಿದ್ರೆ ಹೇಳ್ತಿದ್ದೆ. ಎಲ್ಲರೂ ಓದೋ ಕಡೆ ಕೇಳಿದ್ರಿ. ಕ್ಲಾಸಲ್ಲಿ ನಂಗೆ ಇಂಗ್ಲಿಷ್ ಬರಲ್ಲ ಅಂತ ಎಲ್ರಿಗೂ ಗೊತ್ತು. ಬ್ಲಾಗಲ್ಲಿ ಮಾತ್ರ ಯಾರಿಗೂ ಗೊತ್ತಿರ್ಲಿಲ್ಲ."

ನಾನು ಚೀಲದಿಂದ ಹಾಳೆಗಳನ್ನು ತೆಗೆದು ಅವಳ ಕೈಗಿಟ್ಟೆ. ತನ್ನ ಏಳು ಬರಹಗಳನ್ನು ಕಂಡು, "ಇದೆಲ್ಲಾ ಹೋಗಿತ್ತಲ್ಲ ಮೇಡಂ?" ಎಂದಳು. ಜೊತೆಗೆ ನಸೀಮಾಳ ಬರಹವೂ ಇತ್ತು. ಅದನ್ನು ಓದುತ್ತಾ ಓದುತ್ತಾ ಅತ್ತುಬಿಟ್ಟಳು.

"ಏಮಿ ರಾಸುಂದೇ?" ಏನು ಬರೆದಿದೆ ಎಂದು ಅಜ್ಜಿ ಕೇಳಿದರು. ಪದ್ಮಾ ತೆಲುಗಿನಲ್ಲಿ ಓದಿ ಹೇಳಿದಳು. ಕಿವಿಯ ಮಾತು ಬಂದಾಗ ಅಜ್ಜಿ ತಮ್ಮ ಕಿವಿಯನ್ನು ಹಿಡಿದು ನೋಡಿಕೊಂಡು, ಮೊಮ್ಮಗಳ ಬೆನ್ನಿಗೆ ಒಂದು ಏಟು ಹಾಕಿದರು. "ಅಂದರೆ ಹುಳು ಮುಟ್ಟಿದೆಯಾ ನೀನು!" ಎಂದು ರೇಗಿದರು. ತಾಯಿ ನಕ್ಕರು. ಪದ್ಮಾಳೂ ಅಳುತ್ತಲೇ ನಕ್ಕಳು.

ಎಲ್ಲರ ಮುಂದೆ ಮಾಡಿದ ತಪ್ಪನ್ನು ಮನೆಯ ಜಗಲಿಯಲ್ಲಿ ಒಪ್ಪಿಕೊಂಡರೆ ಸಾಲದು ಎಂದು ವಾಪಸು ಬರುವಾಗ ಬಸ್ಸಿನಲ್ಲಿ ತೀರ್ಮಾನಿಸಿದೆ. ಸೋಮವಾರ ಲ್ಯಾಬಿನ ಬೀಗ ತೆಗೆಸಿ, ನಡೆದಿದ್ದನ್ನು ಹಾಗೇ ನನ್ನ ಬ್ಲಾಗಿನಲ್ಲಿ ಬರೆದು ಪದ್ಮಾಳ ಕ್ಷಮೆ ಕೇಳಿದೆ. ಅದು ಮೂರೂ ಊರಿನ ಮಕ್ಕಳ ಪುಟಕ್ಕೆ ಹೋಯಿತು. ಇನ್ನು ನನ್ನ ಮರ್ಯಾದೆ ಏನಾಗುತ್ತದೋ ಎಂಬ ಅಳುಕೂ ಇತ್ತು. ಆದರೆ ಒಂದು ಮಗುವೂ ಕೊಂಕು ಮಾತಾಡಲಿಲ್ಲ. ನಸೀಮಾ, "ಥ್ಯಾಂಕ್ಸ್ ಮೇಡಂ. ಈಗ ಅವಳಿಗೆ ಬರೆಯಕ್ಕೆ ಹೇಳಿ" ಎಂದಷ್ಟೇ ಬರೆದಳು.

ಪದ್ಮಾ ಮಂಗಳವಾರ ಕಾಲೇಜಿಗೆ ಬಂದಳು. ಆದರೆ ಬರೆಯಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಮೂರು ವಾರ ಕಳೆಯಿತು. ನಾಲ್ಕನೆಯ ವಾರ ರೀಡರ್ ತೆರೆದಾಗ ಅವಳ ಹೆಸರು ದಪ್ಪ ಅಕ್ಷರದಲ್ಲಿ ಕಾಣಿಸಿತು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡುವ ದಿನದ ಬಗ್ಗೆ ಬರೆದಿದ್ದಳು. ನಾನು ಓದಿ ಮುಗಿಸುವಷ್ಟರಲ್ಲಿ ಕೆಳಗೆ ಐದು ಪ್ರಶ್ನೆಗಳು ಬಂದಿದ್ದವು.

ಆ ವರ್ಷದ ಕೊನೆಯಲ್ಲಿ ಮೂರೂ ಕಾಲೇಜಿನ ಮಕ್ಕಳನ್ನು ಕೋಲಾರದಲ್ಲಿ ಒಂದು ದಿನ ಸೇರಿಸಿದೆವು. ನಾವು ಬಸ್ಸಿನಿಂದ ಇಳಿದ ಕೂಡಲೇ ಹಸಿರು ದುಪಟ್ಟಾದ ತೆಳ್ಳನೆಯ ಹುಡುಗಿಯೊಬ್ಬಳು ಓಡಿಬಂದು, "ಪದ್ಮಾ ಯಾರು? ಪದ್ಮಾ ಬಂದಿದಾಳಾ?" ಎಂದು ಎಲ್ಲರನ್ನೂ ಕೇಳತೊಡಗಿದಳು. ಅವಳೇ ನಸೀಮಾ. ಪದ್ಮಾ ಮುಂದೆ ಬಂದಳು. ಇಬ್ಬರೂ ಒಂದು ಕ್ಷಣ ನಾಚಿ ನಿಂತರು. ಮರುಗಳಿಗೆಗೆ ಕೈ ಕೈ ಹಿಡಿದು, ತೆಲುಗಿನಲ್ಲಿ ಎಡೆಬಿಡದೆ ಮಾತಾಡುತ್ತಾ ಮರದ ನೆರಳಿಗೆ ಹೋದರು. ಪದ್ಮಾ ಅಷ್ಟು ಮಾತಾಡಬಲ್ಲಳೆಂದು ನನಗೆ ಗೊತ್ತಾಗಿದ್ದೇ ಅವತ್ತು.

ನಾನು ದೂರದಲ್ಲೇ ನಿಂತಿದ್ದೆ. ದಿನವೂ ಎರಡನೇ ಬೆಂಚಿನಲ್ಲಿ ಕಣ್ಣೆದುರು ಕೂರುತ್ತಿದ್ದ ಹುಡುಗಿಯನ್ನು ನಾನು ನಂಬಿರಲಿಲ್ಲ. ಅವಳ ಮುಖವನ್ನೇ ನೋಡಿರದ ಮಕ್ಕಳು ನಂಬಿದ್ದರು. ಇಷ್ಟು ವರ್ಷಗಳ ನಂತರವೂ ಅದನ್ನು ನೆನೆದರೆ ಸಂಕಟವಾಗುತ್ತದೆ, ಅದರ ಬೆನ್ನಿಗೇ ಆ ಮಕ್ಕಳ ಮೇಲೆ ಪ್ರೀತಿಯೂ ಉಕ್ಕುತ್ತದೆ.